ವಸಂತದಲ್ಲಿ ಬೆಟ್ಟದ ಏಣಿನಿಂದ ಬೇಟೆಹಕ್ಕಿಗಳ ಎಣಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಎಣಿಕೆಯಲ್ಲಿ ನಿಜವಾಗಿ ಏನು ಮಾಡುತ್ತಾರೆ?

ಚಳಿಗಾಲವನ್ನು ದಕ್ಷಿಣದ ನಾಡುಗಳಲ್ಲಿ ಕಳೆದ ಹದ್ದು, ಗಿಡುಗ, ಚಾಣ, ಬಯಲಿನ ಮೇಲೆ ತಗ್ಗಿನಲ್ಲಿ ಹಾರಿ ಬೇಟೆಯಾಡುವ ಹ್ಯಾರಿಯರ್ ಮೊದಲಾದ ಬೇಟೆಹಕ್ಕಿಗಳು ಫೆಬ್ರವರಿಯಿಂದ ಮೇ ತಿಂಗಳವರೆಗೆ, ಗೂಡು ಕಟ್ಟುವ ಉತ್ತರದ ನೆಲೆಗಳಿಗೆ ಹಿಂದಿರುಗುತ್ತವೆ. ಅವುಗಳ ಹಾದಿಯಲ್ಲಿರುವ ಬೆಟ್ಟದ ಏಣಿನ, ಅಂದರೆ ಬೆಟ್ಟಸಾಲಿನ ನೆತ್ತಿಯ ಉದ್ದನೆಯ ಅಂಚಿನ ಮೇಲೆ ಒಂದು ಜಾಗವನ್ನು ಗೊತ್ತುಮಾಡಿಕೊಂಡು, ಋತುವಿನುದ್ದಕ್ಕೂ ಅಲ್ಲಿಯೇ ಕುಳಿತು, ದಾಟಿಹೋಗುವ ಪ್ರತಿಯೊಂದು ಹಕ್ಕಿಯನ್ನು ಜಾತಿವಾರು ಮತ್ತು ಗಂಟೆವಾರು ದಾಖಲಿಸುವುದೇ ಈ ಕೆಲಸ. ಹಕ್ಕಿಯನ್ನು ಹಿಡಿಯುವುದಾಗಲಿ, ಕಾಲಿಗೆ ಉಂಗುರ ತೊಡಿಸುವುದಾಗಲಿ ಇದರ ಭಾಗವಲ್ಲ. ಅಪರೂಪದ ಹಕ್ಕಿಯನ್ನು ಅರಸಿ ಹೋಗುವ ಪಕ್ಷಿವೀಕ್ಷಣೆಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಇಲ್ಲಿ ಒಂದೂ ಹಕ್ಕಿ ಬಾರದ ಗಂಟೆಗೆ, ಇನ್ನೂರು ಹಕ್ಕಿ ಬಂದ ಗಂಟೆಯಷ್ಟೇ ಲೆಕ್ಕದಲ್ಲಿ ಸ್ಥಾನವಿದೆ.

ಬೆಟ್ಟದ ಏಣನ್ನೇ ಏಕೆ ಆರಿಸಿಕೊಳ್ಳುತ್ತಾರೆ?

ಅಗಲ ರೆಕ್ಕೆಯ ದೊಡ್ಡ ಹಕ್ಕಿಗಳಿಗೆ ರೆಕ್ಕೆ ಬಡಿದು ಹಾರುವುದು ಬಹಳ ದುಬಾರಿ. ಆದ್ದರಿಂದ ಅವು ಸಾಧ್ಯವಾದಷ್ಟು ದೂರವನ್ನು ಏರುಗಾಳಿಯ ಮೇಲೆ ತೇಲಿಕೊಂಡೇ ಕ್ರಮಿಸುತ್ತವೆ. ಏರುಗಾಳಿ ಸಿಗುವ ಬಗೆ ಎರಡು. ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿ ಕಂಬದಂತೆ ಮೇಲೇಳುತ್ತದೆ; ಬೀಸುಗಾಳಿ ಉದ್ದನೆಯ ಬೆಟ್ಟಸಾಲಿಗೆ ಅಡ್ಡಲಾಗಿ ಬಡಿದಾಗ ಇಳಿಜಾರಿನ ಗುಂಟ ಮೇಲಕ್ಕೆ ತಿರುಗುತ್ತದೆ. ಈ ಎರಡನೆಯ ಬಗೆಯ ಗಾಳಿ ಸಾಲಿನುದ್ದಕ್ಕೂ ಎಡೆಬಿಡದೆ ಸಿಗುವುದರಿಂದ ಹಕ್ಕಿಗಳು ಏಣಿನ ಅಂಚನ್ನು ಹಿಡಿದು ಕಿಲೋಮೀಟರುಗಟ್ಟಲೆ ಸಾಗುತ್ತವೆ, ಅನೇಕ ಸಲ ನೋಡುಗನ ಕಣ್ಣಿನ ಮಟ್ಟದಲ್ಲಿಯೇ. ಗಾಳಿ ಯಾವ ಮಗ್ಗುಲಿಗೆ ಬಡಿಯುತ್ತಿದೆಯೋ ಆ ಮಗ್ಗುಲಿನಲ್ಲಿ ಹಕ್ಕಿಗಳಿರುತ್ತವೆ ಎಂಬುದನ್ನು ಹೊಸಬರು ಮೊದಲ ದಿನವೇ ತಿಳಿದುಕೊಂಡರೆ ಅರ್ಧ ಕೆಲಸ ಕಲಿತಂತೆ.

ಎಣಿಕೆಯ ತಾಣಗಳೆಲ್ಲವೂ ಬೆಟ್ಟಗಳಲ್ಲ. ತೇಲುವ ಹಕ್ಕಿಗಳು ವಿಶಾಲವಾದ ನೀರನ್ನು ದಾಟಲು ಹಿಂಜರಿಯುವುದರಿಂದ ಜಲಸಂಧಿಗಳ ಬಳಿಯೂ ದೊಡ್ಡ ಸರೋವರಗಳ ದಂಡೆಯಲ್ಲಿಯೂ ಒತ್ತಾಗಿ ಸೇರುತ್ತವೆ. ಅತ್ಯಂತ ಕಿರಿದಾದಲ್ಲಿ ಸುಮಾರು 14 ಕಿಲೋಮೀಟರ್ ಅಗಲವಿರುವ ಜಿಬ್ರಾಲ್ಟರ್, ಇಟಲಿಯ ಮೆಸ್ಸಿನಾ, ಸುಮಾತ್ರಾದಿಂದ ಮಲಾಕ್ಕಾ ಜಲಸಂಧಿಯನ್ನು ದಾಟಿ ಬರುವ ಜೇನುಗಿಡುಗಗಳನ್ನು ಎದುರುಗೊಳ್ಳುವ ಮಲೇಷ್ಯಾದ ತಂಜುಂಗ್ ತುವಾನ್, ಒಂಟಾರಿಯೋ ಸರೋವರದ ದಕ್ಷಿಣ ದಂಡೆಯ ಡರ್ಬಿ ಹಿಲ್ ಮತ್ತು ಬ್ರಾಡಕ್ ಬೇ ಇಂಥವು. ಬೆಟ್ಟದ ಮೇಲಿನ ವಸಂತ ತಾಣಗಳಲ್ಲಿ ನ್ಯೂ ಮೆಕ್ಸಿಕೋದ ಸಾಂಡಿಯಾ ಪರ್ವತಗಳನ್ನೂ, ಮಾರ್ಚ್ ತಿಂಗಳಲ್ಲಿ ಬೂದುಮುಖದ ಗಿಡುಗಗಳು ಹಾದುಹೋಗುವ ತೈವಾನಿನ ಬಾಗುವಾ ಬೆಟ್ಟಸಾಲನ್ನೂ ಹೆಸರಿಸಬಹುದು.

ಶರತ್ಕಾಲದಲ್ಲಿ ಹೆಚ್ಚು ಹಕ್ಕಿಗಳು ಸಿಗುತ್ತವೆ. ಹಾಗಿರುವಾಗ ವಸಂತದಲ್ಲಿ ಎಣಿಸುವ ಅಗತ್ಯವೇನು?

ಹೆಚ್ಚಿನ ಕಡೆ ಶರತ್ಕಾಲದ ಮೊತ್ತವೇ ದೊಡ್ಡದು ಎಂಬುದು ನಿಜ. ಮೆಕ್ಸಿಕೋದ ವೆರಾಕ್ರೂಸ್‌ನಲ್ಲಿ ಒಂದೇ ಶರತ್ಕಾಲದಲ್ಲಿ 40 ಲಕ್ಷಕ್ಕೂ ಹೆಚ್ಚು, ಜಾರ್ಜಿಯಾದ ಬಟುಮಿಯಲ್ಲಿ 10 ಲಕ್ಷಕ್ಕೂ ಹೆಚ್ಚು ಬೇಟೆಹಕ್ಕಿಗಳು ಹಾದುಹೋಗಿವೆ. ಆದರೆ ಆ ಮೊತ್ತದಲ್ಲಿ ಅದೇ ವರ್ಷ ಗೂಡು ಬಿಟ್ಟ ಮರಿಗಳ ಪಾಲು ಬಹಳ. ಬೇಟೆಹಕ್ಕಿಗಳ ಅನೇಕ ಜಾತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮರಿಗಳು ಮೊದಲ ವರ್ಷವನ್ನು ಪೂರೈಸುವುದಿಲ್ಲ. ಆದ್ದರಿಂದ ಶರತ್ಕಾಲದ ಎಣಿಕೆ ಆ ವರ್ಷದ ಸಂತಾನ ಹೇಗಿತ್ತು ಎಂಬುದನ್ನು ಹೇಳಿದರೆ, ವಸಂತದ ಎಣಿಕೆ ಹಸಿವು, ಬಂದೂಕು, ವಿಷ, ವಿದ್ಯುತ್ ತಂತಿ ಇವೆಲ್ಲವನ್ನೂ ದಾಟಿ ಗೂಡು ಕಟ್ಟಲು ಉಳಿದವು ಎಷ್ಟು ಎಂಬುದನ್ನು ಹೇಳುತ್ತದೆ. ಸಂತತಿ ಮುಂದುವರಿಯುವುದು ಉಳಿದವುಗಳಿಂದ. ವಸಂತದ ಸಣ್ಣ ಸಂಖ್ಯೆಗೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ಇನ್ನೆರಡು ಸಂಗತಿಗಳನ್ನು ಇಲ್ಲಿ ನೆನಪಿಡಬೇಕು. ಮೊದಲನೆಯದು, ಕೆಲವು ಜಾತಿಗಳ ಎಳೆಯ ಹಕ್ಕಿಗಳು ಮೊದಲ ವಸಂತದಲ್ಲಿ ಹಿಂದಿರುಗುವುದೇ ಇಲ್ಲ. ಯುರೋಪಿನ ಜೇನುಗಿಡುಗ ಹಾಗೂ ಮೀನು ಹಿಡಿಯುವ ಆಸ್ಪ್ರೆಯ ಮರಿಗಳು ತಮ್ಮ ಮೊದಲ ಬೇಸಿಗೆಯನ್ನು ಆಫ್ರಿಕಾದಲ್ಲಿಯೇ ಕಳೆಯುತ್ತವೆ. ಅವು ಕಾಣಲಿಲ್ಲವೆಂದು ಸತ್ತವೆಂದೇ ಲೆಕ್ಕ ಹಾಕುವಂತಿಲ್ಲ. ಎರಡನೆಯದು, ಕೆಲವು ಹಕ್ಕಿಗಳಿಗೆ ಹೋಗುವ ದಾರಿ ಒಂದಾದರೆ ಬರುವ ದಾರಿ ಇನ್ನೊಂದು. ಕೆಂಪು ಸಮುದ್ರದ ತುದಿಯಲ್ಲಿರುವ ಇಸ್ರೇಲಿನ ಐಲಾತ್ ಈ ಕಾರಣದಿಂದಲೇ ಮುಖ್ಯವಾಗಿ ವಸಂತದ ತಾಣವಾಗಿ ಹೆಸರಾಗಿದೆ. ಶರತ್ಕಾಲದಲ್ಲಿ ಬರಿದಾಗಿ ಕಾಣುವ ಏಣು ವಸಂತದಲ್ಲಿ ತುಂಬಿರಲು ಸಾಧ್ಯವಿದೆ, ಅದನ್ನು ಕುಳಿತು ನೋಡದೆ ತೀರ್ಮಾನಿಸಬಾರದು.

ಯಾವ ಹಕ್ಕಿ ಯಾವಾಗ ಬರುತ್ತದೆ?

ಗೂಡಿನ ಜಾಗವನ್ನು ಬೇಗ ಹಿಡಿಯಬೇಕಾದ ದೊಡ್ಡ ಹದ್ದುಗಳು ಮೊದಲು ಬರುತ್ತವೆ. ಕೀಟಗಳನ್ನೂ ಹಲ್ಲಿ ಹಾವುಗಳನ್ನೂ ನಂಬಿದ ಹಕ್ಕಿಗಳು ಉತ್ತರದ ನೆಲ ಬೆಚ್ಚಗಾಗುವವರೆಗೆ ತಡೆಯುತ್ತವೆ. ಐಲಾತ್‌ನಲ್ಲಿ ಹುಲ್ಲುಗಾವಲ ಹದ್ದುಗಳು ಫೆಬ್ರವರಿ ಮಾರ್ಚ್‌ನಲ್ಲಿ, ಗಿಡುಗದ ಜಾತಿಯ ಸ್ಟೆಪ್ ಬಜರ್ಡ್‌ಗಳು ಮಾರ್ಚ್ ಕೊನೆಯ ಹಾಗೂ ಏಪ್ರಿಲ್ ಮೊದಲ ವಾರಗಳಲ್ಲಿ, ಕಣಜದ ಗೂಡು ಕಿತ್ತು ತಿನ್ನುವ ಜೇನುಗಿಡುಗಗಳು ಮೇ ಆರಂಭದಲ್ಲಿ ದಾಟುವುದು ಇದೇ ಕ್ರಮಕ್ಕೆ ಉದಾಹರಣೆ. ಉತ್ತರ ಅಮೆರಿಕದ ಮಹಾಸರೋವರಗಳ ಬಳಿ ಹೊನ್ನಹದ್ದು ಮಾರ್ಚ್‌ನಲ್ಲಿ, ಅಗಲರೆಕ್ಕೆಯ ಗಿಡುಗ ಏಪ್ರಿಲ್ ಕೊನೆಯ ಭಾಗದಲ್ಲಿ ಹೆಚ್ಚಾಗಿ ಕಾಣುತ್ತವೆ. ಒಂದೇ ಜಾತಿಯೊಳಗೆ ಪ್ರಾಯದ ಹಕ್ಕಿಗಳು ಮೊದಲು, ಎಳೆಯವು ನಂತರ ಬರುವುದು ಸಾಮಾನ್ಯ ನಿಯಮ.

ಯಾವ ಹವೆಯಲ್ಲಿ, ದಿನದ ಯಾವ ಹೊತ್ತಿನಲ್ಲಿ ಹೆಚ್ಚು ಹಕ್ಕಿಗಳು ಸಿಗುತ್ತವೆ?

ವಸಂತದಲ್ಲಿ ಬೆನ್ನಿಗೆ ಬೀಸುವ ಬೆಚ್ಚನೆಯ ದಕ್ಷಿಣದ ಗಾಳಿ ಒಳ್ಳೆಯ ಲಕ್ಷಣ. ಎರಡು ಮೂರು ದಿನ ಮಳೆಯೋ ಎದುರುಗಾಳಿಯೋ ತಡೆದು ನಿಲ್ಲಿಸಿದ ಮೇಲೆ ಹವೆ ತಿಳಿಯಾದ ದಿನವಂತೂ ಕಾದಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಬೆಳಗಿನ ತಂಪಿನಲ್ಲಿ ರೆಕ್ಕೆ ಬಡಿದು ಹಾರಬಲ್ಲ ಚಾಣ, ಹ್ಯಾರಿಯರ್ ಹಾಗೂ ಕಿರುಗಿಡುಗಗಳು ತಗ್ಗಿನಲ್ಲಿ ಸಾಗುತ್ತವೆ. ನೆಲ ಕಾದು ಬಿಸಿಗಾಳಿ ಏಳತೊಡಗಿದ ಮೇಲೆ ಬಜರ್ಡ್ ಮತ್ತು ಹದ್ದುಗಳ ಸರದಿ. ನಡುಮಧ್ಯಾಹ್ನ ಅವು ಬರಿಗಣ್ಣಿಗೆ ಕಾಣದಷ್ಟು ಎತ್ತರಕ್ಕೆ ಏರುವುದರಿಂದ ಹಾಳೆಯಲ್ಲಿ ಸಂಖ್ಯೆ ಇಳಿದಂತೆ ತೋರುತ್ತದೆ. ಆ ಹೊತ್ತಿನಲ್ಲಿ ಹಕ್ಕಿಗಳು ಕಡಿಮೆಯಾಗುವುದಕ್ಕಿಂತ ನಮ್ಮ ಕಣ್ಣು ಸೋಲುವುದೇ ಹೆಚ್ಚು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒಳ್ಳೆಯ ಹವೆಯ ದಿನಗಳನ್ನಷ್ಟೇ ಆರಿಸಿಕೊಂಡು ಏಣಿಗೆ ಹೋಗುವವರ ಲೆಕ್ಕವನ್ನು ಇನ್ನೊಂದು ವರ್ಷದ ಲೆಕ್ಕದೊಡನೆ ಹೋಲಿಸಲು ಬಾರದು. ಹವೆಯ ಜ್ಞಾನ ಹಕ್ಕಿಗಳನ್ನು ನೋಡಿ ಸಂತೋಷಪಡಲು ಬೇಕು, ಎಣಿಕೆಯ ದಿನಗಳನ್ನು ಗೊತ್ತುಮಾಡಲು ಬೇಡ.

ಖಾಲಿ ಆಕಾಶದಲ್ಲಿ ಹಕ್ಕಿಯನ್ನು ಹುಡುಕುವುದು ಹೇಗೆ?

ಮೋಡವಿಲ್ಲದ ನೀಲಿ ಆಕಾಶ ಎಣಿಸುವವರ ದೊಡ್ಡ ಶತ್ರು. ನೋಟಕ್ಕೆ ಆಧಾರವಾಗಿ ಏನೂ ಇಲ್ಲದಾಗ ಕಣ್ಣು ತನಗರಿವಿಲ್ಲದೆಯೇ ಹತ್ತಿರದ ದೂರಕ್ಕೆ ಹೊಂದಿಕೊಳ್ಳುತ್ತದೆ, ಆಗ ದೂರದ ಚುಕ್ಕೆ ಎದುರಿಗೇ ಇದ್ದರೂ ಕಾಣುವುದಿಲ್ಲ. ಆದ್ದರಿಂದ ಆಗಾಗ ದಿಗಂತದ ಬೆಟ್ಟವನ್ನೋ ಮೋಡದ ಅಂಚನ್ನೋ ದಿಟ್ಟಿಸಿ ನೋಡಿ, ಬೈನಾಕ್ಯುಲರನ್ನೂ ಅಷ್ಟು ದೂರಕ್ಕೆ ಹೊಂದಿಸಿಕೊಂಡು ಮತ್ತೆ ಆಕಾಶಕ್ಕೆ ತಿರುಗಬೇಕು. ಬಿಳಿ ಮೋಡಗಳ ಅಡಿಭಾಗವನ್ನು ಬಿಡದೆ ನೋಡಬೇಕು, ಏಕೆಂದರೆ ಅಂಥ ಮೋಡ ನಿಂತಿರುವುದೇ ಬಿಸಿಗಾಳಿಯ ಕಂಬದ ತುದಿಯಲ್ಲಿ. ಬರಿಗಣ್ಣಿನಿಂದ ಒಂದು ಸಲ, ಬೈನಾಕ್ಯುಲರಿನಿಂದ ದಿಗಂತದ ಗುಂಟ ಒಂದು ಸಲ, ಅದಕ್ಕಿಂತ ಒಂದು ನೋಟದಷ್ಟು ಮೇಲೆ ಇನ್ನೊಂದು ಸಲ, ಕೊನೆಗೆ ನೆತ್ತಿಯ ಮೇಲೆ ಎಂಬ ಕ್ರಮವನ್ನು ರೂಢಿಸಿಕೊಂಡರೆ ತಪ್ಪಿಹೋಗುವ ಹಕ್ಕಿಗಳು ಕಡಿಮೆಯಾಗುತ್ತವೆ. ಜೊತೆಯವರಿಗೆ ತೋರಿಸಲು ಎದುರಿನ ಗುಡ್ಡ, ಒಂಟಿ ಮರ, ಗೋಪುರ ಇವುಗಳಿಗೆ ಮೊದಲೇ ಹೆಸರಿಟ್ಟುಕೊಂಡಿರುವುದು ಒಳ್ಳೆಯದು. "ಅಲ್ಲಿ, ಅಲ್ಲಿ" ಎಂದು ಬೆರಳು ತೋರಿಸಿದರೆ ಯಾರಿಗೂ ಏನೂ ಕಾಣುವುದಿಲ್ಲ.

ನೂರಾರು ಹಕ್ಕಿಗಳು ಒಟ್ಟಿಗೆ ಸುತ್ತುತ್ತಿದ್ದರೆ ಅವನ್ನು ಎಣಿಸುವುದು ಹೇಗೆ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಬಿಸಿಗಾಳಿಯ ಕಂಬವೊಂದರಲ್ಲಿ ಹಕ್ಕಿಗಳು ಸುಳಿಯಾಗಿ ಸುತ್ತುತ್ತ ಏರುತ್ತಿರುವಾಗ ಅವನ್ನು ಎಣಿಸಲು ಹೋಗಬಾರದು. ಒಂದು ಹಕ್ಕಿ ಇನ್ನೊಂದರ ಹಿಂದೆ ಮರೆಯಾಗುತ್ತದೆ, ಬಿಸಿಲಿಗೆ ತಿರುಗಿದಾಗ ಹೊಳೆದದ್ದು ಮರುಕ್ಷಣ ಅಂಚಿಗೆ ತಿರುಗಿ ಮಾಯವಾಗುತ್ತದೆ, ಎಣಿಸಿದ್ದನ್ನೇ ಮತ್ತೆ ಎಣಿಸುತ್ತೇವೆ. ತಾಳ್ಮೆಯಿಂದ ಸುಳಿಯ ತುದಿಯನ್ನು ನೋಡುತ್ತಿರಬೇಕು. ಅಲ್ಲಿ ಎಲ್ಲಕ್ಕಿಂತ ಮೇಲಿರುವ ಹಕ್ಕಿ ಸುತ್ತುವುದನ್ನು ನಿಲ್ಲಿಸಿ, ಬೀಸಣಿಗೆಯಂತೆ ಬಿಚ್ಚಿದ್ದ ಬಾಲವನ್ನು ಮುಚ್ಚಿ, ರೆಕ್ಕೆಯ ತುದಿಗಳನ್ನು ತುಸು ಹಿಂದಕ್ಕೆ ಎಳೆದುಕೊಂಡು ಉತ್ತರದ ಕಡೆಗೆ ನೇರವಾಗಿ ಜಾರತೊಡಗುತ್ತದೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ಕೆಲವೇ ನಿಮಿಷಗಳಲ್ಲಿ ಸುಳಿ ಬಿಚ್ಚಿಕೊಂಡು ಉದ್ದನೆಯ ಸಾಲಾಗುತ್ತದೆ. ಎಣಿಸಬೇಕಾದದ್ದು ಈ ಸಾಲನ್ನು, ಬಯಲಿನಲ್ಲಿ ಮೇಯುತ್ತಿರುವ ಕುರಿಗಳನ್ನು ಬಿಟ್ಟು ಹಟ್ಟಿಯ ಬಾಗಿಲಲ್ಲಿ ಒಂದೊಂದಾಗಿ ಒಳಬರುವಾಗ ಎಣಿಸುವಂತೆ.

ಬೈನಾಕ್ಯುಲರನ್ನು ಸಾಲಿನ ಮುಂದೆ ಒಂದು ಕಡೆ ಅಲುಗಾಡದಂತೆ ನಿಲ್ಲಿಸಿ, ಅದರ ವೃತ್ತದೊಳಗಿನ ಒಂದು ಕಾಲ್ಪನಿಕ ಗೆರೆಯನ್ನು ದಾಟುವ ಪ್ರತಿ ಹಕ್ಕಿಗೂ ಕೈಯಲ್ಲಿರುವ ಎಣಿಕೆಯ ಗುಂಡಿಯನ್ನು ಒಮ್ಮೆ ಒತ್ತಬೇಕು. ಕಣ್ಣು ಹಾಳೆಯ ಕಡೆಗೆ ಹೊರಳಬಾರದು. ಬರೆದುಕೊಳ್ಳಲು ಇನ್ನೊಬ್ಬರಿದ್ದರೆ ಲೇಸು. ಸಾಲು ಬಹಳ ದಟ್ಟವಾದರೆ ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ಎಂಬುದನ್ನು ಒಮ್ಮೆ ಸರಿಯಾಗಿ ಎಣಿಸಿ ನೋಡಿಕೊಂಡು, ಆ ಅಳತೆಯಿಂದ ಹತ್ತು ಹತ್ತಾಗಿ ಮುಂದುವರಿಯಬಹುದು. ಆಗ ಗುಂಡಿಯ ಒಂದು ಒತ್ತಿಗೆ ಹತ್ತು ಎಂದು ಹಾಳೆಯಲ್ಲಿ ಗುರುತು ಹಾಕಿರಬೇಕು. ಅಂದಾಜು ಮಾಡುವವರು ದೊಡ್ಡ ಗುಂಪುಗಳನ್ನು ಇರುವುದಕ್ಕಿಂತ ಕಡಿಮೆ ಎಣಿಸುವುದೇ ಹೆಚ್ಚು. ಫೋಟೋ ತೆಗೆದು ಸಂಜೆ ಕುಳಿತು ಚುಕ್ಕೆಗಳನ್ನು ಎಣಿಸಿ ತಮ್ಮ ಅಂದಾಜಿನೊಡನೆ ಹೋಲಿಸಿಕೊಂಡರೆ ಕಣ್ಣು ಬೇಗ ಪಳಗುತ್ತದೆ. ಹಲವು ಜಾತಿಗಳು ಬೆರೆತ ಗುಂಪಾದರೆ ಒಬ್ಬರು ಒಟ್ಟು ಸಂಖ್ಯೆಯನ್ನೂ ಇನ್ನೊಬ್ಬರು ಗುಂಪಿನಲ್ಲಿ ಕಡಿಮೆ ಇರುವ ಜಾತಿಗಳನ್ನೂ ಎಣಿಸುವುದು ರೂಢಿ.

ಅಲ್ಲಿಯೇ ನೆಲೆಸಿರುವ ಹಕ್ಕಿ ಯಾವುದು, ವಲಸೆಯದು ಯಾವುದು ಎಂದು ತಿಳಿಯುವುದು ಹೇಗೆ?

ತಾಣದ ಎರಡೂ ಬದಿಗೆ ಚಾಚಿದ ಒಂದು ಗೆರೆಯನ್ನು ಮನಸ್ಸಿನಲ್ಲಿ ಎಳೆದುಕೊಂಡು, ಅದನ್ನು ವಲಸೆಯ ದಿಕ್ಕಿನಲ್ಲಿ ದಾಟಿ ಕಣ್ಮರೆಯಾದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಬೇಟೆಯಾಡುತ್ತ ಸುತ್ತುವ, ಕಾಲು ಇಳಿಬಿಟ್ಟು ಅಥವಾ ಮೇಲೆ ಕೆಳಗೆ ಏರಿಳಿದು ಪ್ರಣಯದ ಹಾರಾಟ ತೋರುವ, ಕಡ್ಡಿ ಕಚ್ಚಿಕೊಂಡು ಹೋಗುವ ಹಕ್ಕಿಗಳು ಅಲ್ಲಿಯವೇ. ವಸಂತದಲ್ಲಿ ಈ ತೊಡಕು ಹೆಚ್ಚು, ಏಕೆಂದರೆ ನೆಲೆಸಿಗರು ಆಗಲೇ ಗೂಡಿನ ಗಡಿಬಿಡಿಯಲ್ಲಿರುತ್ತವೆ. ಉತ್ತರಕ್ಕೆ ದಾಟಿದ ಹಕ್ಕಿಯೊಂದು ಹಿಂದಿರುಗಿ ದಕ್ಷಿಣಕ್ಕೆ ಬಂದರೆ ಅದನ್ನು ಮೊತ್ತದಿಂದ ಕಳೆಯಬೇಕೋ ಬೇಡವೋ ಎಂಬ ನಿಯಮವನ್ನು ಋತುವಿನ ಮೊದಲೇ ಗೊತ್ತುಮಾಡಿ ಬರೆದಿಡಬೇಕು.

ಗುರುತು ಸಿಗದ ಹಕ್ಕಿಯನ್ನು ಏನು ಮಾಡಬೇಕು?

ಗುರುತು ಸಿಗಲಿಲ್ಲ ಎಂದೇ ಬರೆಯಬೇಕು. ದೂರದಲ್ಲಿ ಬಣ್ಣ ಕಾಣುವುದಿಲ್ಲ. ಆಕಾರ, ರೆಕ್ಕೆ ಹಿಡಿಯುವ ಭಂಗಿ ಮತ್ತು ಬಡಿತದ ಲಯ ಇವೇ ಆಧಾರ. ಹ್ಯಾರಿಯರ್ ರೆಕ್ಕೆಗಳನ್ನು ಮೇಲಕ್ಕೆತ್ತಿ ಹಿಡಿದು ಅತ್ತಿತ್ತ ತೂಗಾಡುತ್ತದೆ. ಆಸ್ಪ್ರೆಯ ರೆಕ್ಕೆ ಮಣಿಗಂಟಿನಲ್ಲಿ ಬಾಗಿರುತ್ತದೆ. ಕಿರುಗಿಡುಗ ನಾಲ್ಕಾರು ಸಲ ಬಡಿದು ಒಮ್ಮೆ ತೇಲುತ್ತದೆ. ಜೇನುಗಿಡುಗದ ತಲೆ ಪಾರಿವಾಳದ ತಲೆಯಂತೆ ಚಿಕ್ಕದು, ಕುತ್ತಿಗೆ ಮುಂದಕ್ಕೆ ಚಾಚಿರುತ್ತದೆ. ಚಾಣಗಳ ರೆಕ್ಕೆ ಚೂಪು. ಇಷ್ಟರಿಂದ ಗುಂಪು ತಿಳಿದು ಜಾತಿ ತಿಳಿಯದಿದ್ದರೆ "ಗುರುತಿಸದ ಹದ್ದು", "ಗುರುತಿಸದ ಚಾಣ" ಎಂದು ನಮೂದಿಸಲು ಹಾಳೆಯಲ್ಲಿ ಬೇರೆ ಅಂಕಣವೇ ಇರುತ್ತದೆ. ಆ ಅಂಕಣ ಪೂರ್ತಿ ಖಾಲಿಯಿರುವ ಹಾಳೆಯನ್ನು ಕಂಡರೆ ಅನುಭವಿಗಳಿಗೆ ಮೆಚ್ಚುಗೆಗಿಂತ ಅನುಮಾನವೇ ಹುಟ್ಟುತ್ತದೆ.

ಹಾಳೆಯಲ್ಲಿ ಹಕ್ಕಿಗಳ ಸಂಖ್ಯೆಯ ಜೊತೆಗೆ ಇನ್ನೇನು ಬರೆಯಬೇಕು?

ಪ್ರತಿ ಗಂಟೆಗೂ ಗಾಳಿಯ ದಿಕ್ಕು ಮತ್ತು ವೇಗ, ತಾಪಮಾನ, ಮೋಡದ ಪ್ರಮಾಣ, ಎಷ್ಟು ದೂರ ಕಾಣುತ್ತಿದೆ ಎಂಬುದು, ಎಣಿಸುತ್ತಿರುವವರ ಸಂಖ್ಯೆ, ಆ ಗಂಟೆಯಲ್ಲಿ ನಿಜವಾಗಿ ಎಣಿಸಿದ ನಿಮಿಷಗಳು ಇವನ್ನು ಬರೆಯಬೇಕು. ಹಾರುವ ಎತ್ತರವನ್ನು ಮೀಟರುಗಳಲ್ಲಿ ಊಹಿಸುವ ಬದಲು, ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಸಮಕ್ಕೆ, ಬರಿಗಣ್ಣಿಗೆ ಕಾಣುವಷ್ಟು ಮೇಲೆ, ಬೈನಾಕ್ಯುಲರಿಗೆ ಮಾತ್ರ ಕಾಣುವಷ್ಟು, ದೂರದರ್ಶಕಕ್ಕೆ ಮಾತ್ರ ಕಾಣುವಷ್ಟು ಎಂದು ಹಂತಗಳಲ್ಲಿ ಬರೆಯುವುದು ಹೆಚ್ಚು ನಂಬಿಕೆಗೆ ಅರ್ಹ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಋತುವಿನುದ್ದಕ್ಕೂ ಮೂಲ ಸಮಯವನ್ನೇ ಬಳಸಬೇಕು, ಇಲ್ಲವಾದರೆ ಮಾರ್ಚ್‌ನ ಹತ್ತು ಗಂಟೆಯೂ ಏಪ್ರಿಲ್‌ನ ಹತ್ತು ಗಂಟೆಯೂ ಬೇರೆ ಬೇರೆಯಾಗುತ್ತವೆ.

ಸೊನ್ನೆಯನ್ನು ಸೊನ್ನೆಯೆಂದೇ ಬರೆಯಬೇಕು. ಖಾಲಿ ಬಿಟ್ಟ ಮನೆಯನ್ನು ಹತ್ತು ವರ್ಷಗಳ ನಂತರ ಓದುವವರಿಗೆ ಹಕ್ಕಿ ಬರಲಿಲ್ಲವೋ, ಎಣಿಸುವವರು ಇರಲಿಲ್ಲವೋ ತಿಳಿಯುವುದಿಲ್ಲ. ಹಾಳೆಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ.

ನನಗೆ ವಾರಾಂತ್ಯದಲ್ಲಿ ಮಾತ್ರ ಬಿಡುವು. ನನ್ನ ಎಣಿಕೆಯಿಂದ ಪ್ರಯೋಜನವಿದೆಯೇ?

ಖಂಡಿತ ಇದೆ, ಪ್ರತಿ ವಾರಾಂತ್ಯವೂ, ಹವೆ ಹೇಗಿದ್ದರೂ, ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಕುಳಿತರೆ. ಮಳೆ ಸುರಿಯುತ್ತಿದ್ದು ಎಣಿಕೆ ಸಾಧ್ಯವಾಗದಿದ್ದರೆ ಹಾಗೆಂದು ಬರೆದರೆ ಸಾಕು.

ಒಬ್ಬರೇ ಎಣಿಸಬಹುದೇ? ಯಾವ ಸಲಕರಣೆ ಬೇಕು?

ಒಬ್ಬರೇ ಎಣಿಸಬಹುದು, ಆದರೆ ಇಬ್ಬರಿದ್ದರೆ ಹೆಚ್ಚು ಹಕ್ಕಿಗಳು ಸಿಗುತ್ತವೆ ಎಂಬ ಕಾರಣಕ್ಕೇ ಎಣಿಸುವವರ ಸಂಖ್ಯೆಯನ್ನು ಬರೆಯಬೇಕಾಗುತ್ತದೆ. ಒಂದು ವರ್ಷ ಒಬ್ಬರು, ಮರುವರ್ಷ ಐವರು ಕುಳಿತ ತಾಣದಲ್ಲಿ ಹಕ್ಕಿಗಳು ಹೆಚ್ಚಾದವು ಎಂದು ಹೇಳಲಾಗದು. ಬಂದ ಅತಿಥಿಗಳೊಡನೆ ಮಾತನಾಡಲು ಬೇರೊಬ್ಬರು ಇರಬೇಕು. ಎಣಿಸುವವರು ಉತ್ತರಿಸಲೇಬೇಕಾದರೆ ಆಕಾಶವನ್ನು ನೋಡುತ್ತಲೇ ಉತ್ತರಿಸಿದರೆ ಅದನ್ನು ಯಾರೂ ಅಗೌರವವೆಂದು ತಿಳಿಯಬಾರದು. ಎಂಟು ಅಥವಾ ಹತ್ತು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಗಾಜಿನ ಬೈನಾಕ್ಯುಲರ್ ಸಾಕು. ಮುಕ್ಕಾಲಿಯ ಮೇಲಿನ ದೂರದರ್ಶಕ ಗುರುತಿಸಲು ನೆರವಾಗುತ್ತದೆ, ಹುಡುಕಲು ಅಲ್ಲ. ಬೆನ್ನಿಗೆ ಒರಗುವ ಕುರ್ಚಿ ಐಷಾರಾಮವೆಂದು ನಗುವವರಿದ್ದಾರೆ. ಆರು ಗಂಟೆ ನೆತ್ತಿ ನೋಡಿದ ಕುತ್ತಿಗೆ ಹಾಗೆ ಹೇಳುವುದಿಲ್ಲ.

ಒಂದು ವರ್ಷ ಸಂಖ್ಯೆ ಅರ್ಧಕ್ಕೆ ಇಳಿದರೆ ಹಕ್ಕಿಗಳು ಅರ್ಧವಾದವು ಎಂದು ಅರ್ಥವೇ?

ಇಲ್ಲ. ಗಾಳಿ ಬೇರೆ ದಿಕ್ಕಿನಿಂದ ಬೀಸಿ ದಾರಿಯನ್ನು ಇಪ್ಪತ್ತು ಕಿಲೋಮೀಟರ್ ಪಕ್ಕಕ್ಕೆ ಸರಿಸಿರಬಹುದು, ಹಕ್ಕಿಗಳು ಮೋಡವಿಲ್ಲದ ಆಕಾಶದಲ್ಲಿ ಕಾಣದೆ ಮೇಲೆ ಹೋಗಿರಬಹುದು, ಚಳಿಗಾಲ ಬೆಚ್ಚಗಿದ್ದು ಅವು ಹಿಂದಿನ ಶರತ್ಕಾಲದಲ್ಲಿ ಅಷ್ಟು ದಕ್ಷಿಣಕ್ಕೆ ಹೋಗಿರದೆ ಇರಬಹುದು. ಎಣಿಕೆ ಜನಗಣತಿಯಲ್ಲ, ಒಂದು ಕಿಟಕಿಯಿಂದ ಕಂಡಷ್ಟರ ಲೆಕ್ಕ. ಅದೇ ಕಾರಣಕ್ಕೆ ಎರಡು ತಾಣಗಳ ಮೊತ್ತವನ್ನು ಕೂಡಿಸಬಾರದು, ಒಂದೇ ಹಕ್ಕಿ ಎರಡೂ ಕಡೆ ಎಣಿಕೆಯಾಗಿರಬಹುದು. ಆದರೆ ಕಿಟಕಿ ಬದಲಾಗದೆ ದಶಕಗಳ ಕಾಲ ಉಳಿದರೆ ಅದರಲ್ಲಿ ಕಾಣುವ ಇಳಿಕೆ ಅಥವಾ ಏರಿಕೆ ಮಾತನಾಡತೊಡಗುತ್ತದೆ.

ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್ ಇದಕ್ಕೆ ಒಳ್ಳೆಯ ನಿದರ್ಶನ. ಬೇಟೆಗಾರರು ವಲಸೆಯ ಗಿಡುಗಗಳನ್ನು ಗುಂಡಿಟ್ಟು ರಾಶಿ ಹಾಕುತ್ತಿದ್ದ ಆ ಬೆಟ್ಟವನ್ನು ರೊಸಾಲಿ ಎಡ್ಜ್ ಎಂಬ ಮಹಿಳೆ 1934ರಲ್ಲಿ ಗುತ್ತಿಗೆಗೆ ಪಡೆದು ಕಾವಲು ಇಟ್ಟರು, ಆ ಶರತ್ಕಾಲದಲ್ಲಿಯೇ ಎಣಿಕೆಯೂ ಮೊದಲಾಯಿತು. ಎಳೆಯ ಬೋಳು ಹದ್ದುಗಳ ಪ್ರಮಾಣ ಕುಸಿಯುತ್ತಿದೆ ಎಂಬುದು ಅಲ್ಲಿನ ಹಾಳೆಗಳಲ್ಲಿ ಕಂಡಿತು. ಡಿಡಿಟಿ ಎಂಬ ಕೀಟನಾಶಕದಿಂದ ಬೇಟೆಹಕ್ಕಿಗಳ ಸಂತಾನಕ್ಕೆ ಕುತ್ತು ಬಂದಿದೆ ಎಂಬ ವಾದಕ್ಕೆ ಅದು ಸಾಕ್ಷ್ಯವಾಯಿತು. ಅಮೆರಿಕ 1972ರಲ್ಲಿ ಡಿಡಿಟಿಯ ಬಳಕೆಯನ್ನು ನಿಷೇಧಿಸಿತು. ಅಪಾಯದಲ್ಲಿರುವ ಜೀವಿಗಳ ಪಟ್ಟಿಯಿಂದ ಪೆರೆಗ್ರಿನ್ ಚಾಣ 1999ರಲ್ಲಿ, ಬೋಳು ಹದ್ದು 2007ರಲ್ಲಿ ಹೊರಬಂದವು. ಕುಸಿತ ಆರಂಭವಾಗುವ ಮೊದಲೇ ಯಾರೋ ಎಣಿಸಿಟ್ಟಿದ್ದರಿಂದ ಮಾತ್ರ ಅದು ಕುಸಿತವೆಂದು ತಿಳಿಯಿತು.

ಉಪಗ್ರಹದ ಮೂಲಕ ಹಕ್ಕಿಗಳನ್ನು ಹಿಂಬಾಲಿಸುವ ಕಾಲದಲ್ಲಿ ಇದು ಹಳೆಯ ವಿಧಾನವಲ್ಲವೇ?

ಎರಡೂ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ. ಅಮುರ್ ಚಾಣಗಳು ಆಫ್ರಿಕಾದಿಂದ ಅರಬ್ಬೀ ಸಮುದ್ರವನ್ನು ತಡೆಯಿಲ್ಲದೆ ದಾಟುತ್ತವೆ ಎಂಬುದನ್ನು ಬೆನ್ನಿಗೆ ಕಟ್ಟಿದ ಸಾಧನದಿಂದಲೇ ಖಚಿತಪಡಿಸಬೇಕು. ಯಾವ ಏಣಿನ ಮೇಲೆ ಕುಳಿತರೂ ಅದು ತಿಳಿಯದು. ಆದರೆ ಸಾಧನ ಹೊತ್ತ ಹಕ್ಕಿಗಳು ಕೆಲವೇ. ಅವು ಎಲ್ಲಿಗೆ ಹೋದವು ಎಂದು ತಿಳಿಯುತ್ತದೆ, ಒಟ್ಟು ಸಂತತಿ ಏರಿತೋ ಇಳಿಯಿತೋ ಎಂದು ತಿಳಿಯುವುದಿಲ್ಲ.

ಹಕ್ಕಿಗಳನ್ನು ಹತ್ತಿರಕ್ಕೆ ಸೆಳೆಯಲು ಏನಾದರೂ ಮಾಡಬಹುದೇ?

ಅಮೆರಿಕದ ಕೆಲವು ತಾಣಗಳಲ್ಲಿ ಕಂಬದ ಮೇಲೆ ಪ್ಲಾಸ್ಟಿಕ್ ಗೂಬೆಯನ್ನು ನಿಲ್ಲಿಸುತ್ತಾರೆ. ಗೂಬೆಯನ್ನು ಕಂಡರಾಗದ ಗಿಡುಗಗಳು ಅದರ ಮೇಲೆ ಎರಗಲು ಬಂದು ಹತ್ತಿರದಿಂದ ಕಾಣಿಸುತ್ತವೆ. ಇಡುವುದಾದರೆ ಪ್ರತಿ ದಿನವೂ ಇಡಬೇಕು, ಇಲ್ಲವೇ ಎಂದೂ ಇಡಬಾರದು, ಏಕೆಂದರೆ ಅದು ಎಣಿಕೆಯನ್ನೇ ಬದಲಿಸುತ್ತದೆ. ಧ್ವನಿಮುದ್ರಿತ ಕೂಗನ್ನು ಕೇಳಿಸುವುದು, ಡ್ರೋನ್ ಹಾರಿಸುವುದು ಬೇಡವೇ ಬೇಡ. ಬಂಡೆಯ ಮೇಲೆ ಗೂಡು ಕಟ್ಟುವ ಚಾಣಗಳಿರುವ ಏಣಾದರೆ ಗೂಡಿನ ಜಾಗವನ್ನು ಎಲ್ಲಿಯೂ ಪ್ರಕಟಿಸಬಾರದು.

ಗುಡುಗು ಬಂದರೆ?

ತಕ್ಷಣ ಇಳಿಯಬೇಕು. ಸುತ್ತಲಿನ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಲೋಹದ ಮುಕ್ಕಾಲಿಯ ಪಕ್ಕದಲ್ಲಿ ಕುಳಿತಿದ್ದೇವೆ ಎಂಬುದನ್ನು ಮರೆಯಬಾರದು. ಎಣಿಕೆ ನಿಂತ ನಿಮಿಷವನ್ನು ಕೆಳಗಿಳಿದ ಮೇಲೆ ಬರೆದರಾಯಿತು.

ಸಂಗ್ರಹಿಸಿದ ಲೆಕ್ಕವನ್ನು ಎಲ್ಲಿಗೆ ಕೊಡಬೇಕು?

ಉತ್ತರ ಅಮೆರಿಕದ ತಾಣಗಳು ಎಣಿಕೆಯ ಲೆಕ್ಕ ಸಂಗ್ರಹಿಸುವ ಜಾಲತಾಣವಾದ ಹಾಕ್‌ಕೌಂಟ್‌ಗೆ, ಯುರೋಪಿನವು ಹೆಚ್ಚಾಗಿ ಟ್ರೆಕ್ಟೆಲೆನ್‌ಗೆ ದಿನದ ಲೆಕ್ಕವನ್ನು ಕೊಡುತ್ತವೆ. ಬೇರೆಡೆ ಇರುವವರು ಪಕ್ಷಿವೀಕ್ಷಕರ ಜಾಲತಾಣವಾದ ಇ-ಬರ್ಡ್‌ನಲ್ಲಿ ಒಂದೇ ಜಾಗದಲ್ಲಿ ನಿಂತು ಮಾಡಿದ ಎಣಿಕೆಯಾಗಿ, ಗಂಟೆಗೊಂದು ಪಟ್ಟಿಯಂತೆ ದಾಖಲಿಸಬಹುದು. ಇಡೀ ದಿನವನ್ನು ಒಂದೇ ಪಟ್ಟಿಗೆ ಸೇರಿಸಿದರೆ ಗಂಟೆವಾರು ಮಾಹಿತಿ ಕರಗಿಹೋಗುತ್ತದೆ. ಕಂಪ್ಯೂಟರಿಗೆ ಏರಿಸಿದ ಮೇಲೆಯೂ ಕಾಗದದ ಹಾಳೆಗಳನ್ನು ಎಸೆಯಬಾರದು. ಅಂಕಿ ತಪ್ಪಾಗಿ ಏರಿದೆಯೆಂಬ ಅನುಮಾನ ಬಂದಾಗ ನೋಡಬೇಕಾದದ್ದು ಅವನ್ನೇ, ಮತ್ತು ಅಂಚಿನಲ್ಲಿ ಅವಸರದಿಂದ ಗೀಚಿದ "ಮಂಜು, 20 ನಿಮಿಷ ಏನೂ ಕಾಣಲಿಲ್ಲ" ಎಂಬಂಥ ಟಿಪ್ಪಣಿಗಳಿಗೆ ಕಂಪ್ಯೂಟರಿನ ಪಟ್ಟಿಯಲ್ಲಿ ಅನೇಕ ಸಲ ಜಾಗವೇ ಇರುವುದಿಲ್ಲ.